ಹಿಡಿದ ಮೊಲಕ್ಕೆ ಮೂರೇ ಕಾಲು

ಶ್ರಾವಣದ ಎರಡನೇ ಶನಿವಾರ. ಬಬ್ಬೂರಿನ ನಮ್ಮ ದೊಡ್ಡಮ್ಮನ ಮನೆಯ ಪಡಸಾಲೆಯಲ್ಲಿ ಒಂದು ಡಬ್ಬಿಯ ಮೇಲೆ ಪಂಚಾಯ್ತಿ ಕೂತಿತ್ತು. ಅದನ್ನು ಒಳಗೆ ಬಿಟ್ಟುಕೊಳ್ಳಬೇಕೋ, ಹೊರಗೆ ಜಗಲಿಯ ಮೇಲೇ ಇಡಬೇಕೋ ಎಂಬುದು ವ್ಯಾಜ್ಯ. ದೊಡ್ಡಮ್ಮನ ಹಿಮ್ಮಡಿ ಮಾರಿಕಣಿವೆ ಜಲಾಶಯ ಬತ್ತಿದ ಕಾಲದ ಕೆರೆ ಅಂಗಳದ ಹಾಗೆ ಬಿರುಕು ಬಿಟ್ಟಿದ್ದನ್ನು ನೋಡಲಾರದೆ ಮೊಮ್ಮಗಳು ಬೆಂಗಳೂರಿಂದ ತಂದ ಕ್ರೀಮು ಅದು. ಬೆಲೆ ಗೊತ್ತಾದರೆ ಅಜ್ಜಿ ಹಚ್ಚುವುದಿಲ್ಲ ಎಂದು ಬೆಲೆಯ ಚೀಟಿಯನ್ನು ಬಸ್ಸಿನಲ್ಲೇ ಕಿತ್ತಿದ್ದಳು. ಚಿತ್ರವನ್ನು ಕೀಳುವುದು ಹೊಳೆದಿರಲಿಲ್ಲ. ಮುಚ್ಚಳದ ಮೇಲೆ ಒಂದು ಮೊಲ ನೆಗೆಯುತ್ತಿತ್ತು.

"ಮೊಲದ ಕೊಬ್ಬಾ ಇದು?" ಅಂದಳು ದೊಡ್ಡಮ್ಮ, ಡಬ್ಬಿ ಮುಟ್ಟದೆ.

"ಅಲ್ಲ ಅಜ್ಜೀ, ಮೊಲಕ್ಕೆ ಏನೂ ಮಾಡಿಲ್ಲ ಅಂತ ಅರ್ಥ."

"ಏನೂ ಮಾಡದಿದ್ರೆ ಅದನ್ಯಾಕೆ ಬರೆದವ್ರೆ? ನಾವೂ ಏನೂ ಮಾಡಿಲ್ಲ. ನಮ್ಮ ಬಾಗಿಲ ಮೇಲೆ ಮೊಲ ಬರಕೊಂಡಿದೀವಾ?"

ದೊಡ್ಡಮ್ಮನಿಗೆ ಅಕ್ಷರ ಬಾರದು. ಅದಕ್ಕೇ ಚಿತ್ರ ಓದುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ತುಪ್ಪದ ಡಬ್ಬಿ ಮೇಲೆ ಹಸು ಇದ್ದರೆ ಒಳಗೆ ಹಸುವಿನದು. ಎಣ್ಣೆ ಡಬ್ಬಿ ಮೇಲೆ ಕಡಲೇಕಾಯಿ ಇದ್ದರೆ ಒಳಗೆ ಕಡಲೇಕಾಯಿಯದು, ಅಥವಾ ಹಾಗೆಂದು ನಂಬಬೇಕಾದ್ದು. ಇದು ಮೊದಲನೇ ವ್ಯಾಕರಣ. ಎರಡನೆಯದೂ ಒಂದಿದೆ, ಅದನ್ನು ಅವಳೇ ಜ್ಞಾಪಿಸಿದಳು: "ಇಲಿ ಪಾಷಾಣದ ಮೇಲೂ ಇಲಿ ಇರ್ತೈತೆ. ಹಂಗಾದ್ರೆ ಇದು ಮೊಲ ಸಾಯ್ಸೋ ಔಷ್ದಿನಾ?"

ಮೊಮ್ಮಗಳು ಹಣೆ ಚಚ್ಚಿಕೊಂಡು ನನ್ನ ಕಡೆ ನೋಡಿದಳು. ಪತ್ರಿಕೆಗೆ ಬರೆಯುವವನು ಮನೆಯಲ್ಲಿದ್ದರೆ ಇಂಥ ಕೆಲಸ ಅವನಿಗೇ ಬೀಳುತ್ತದೆ. ನಾನು ಗಂಟಲು ಸರಿಮಾಡಿಕೊಂಡೆ. ಚರಿತ್ರೆ ನೋಡಿದರೆ ದೊಡ್ಡಮ್ಮನ ಎರಡನೇ ಊಹೆ ತಪ್ಪೇನಲ್ಲ ಎನ್ನುವುದೇ ನನಗಿದ್ದ ತೊಡಕು.

ನಮ್ಮ ಮಾರಿಕಣಿವೆ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಸುಮಾರು ಅದೇ ಹೊತ್ತಿಗೆ ಅಮೆರಿಕದಲ್ಲಿ ಲ್ಯಾಷ್ ಲೂರ್ ಎಂಬ ರೆಪ್ಪೆಯ ಬಣ್ಣ ಹಚ್ಚಿಕೊಂಡ ಹೆಂಗಸರ ಕಣ್ಣು ಹೋದವು, ಒಬ್ಬಾಕೆಯ ಜೀವವೂ ಹೋಯಿತು. ಸೌಂದರ್ಯದ ಸಾಮಾನನ್ನು ಹಿಡಿತದಲ್ಲಿಡುವ ಕೇಂದ್ರ ಕಾನೂನು ಆಗ ಅಲ್ಲಿರಲಿಲ್ಲ. ಗದ್ದಲವಾಗಿ 1938ರಲ್ಲಿ ಕಾನೂನು ಬಂತು. ಇನ್ನು ಹೆಂಗಸರ ಕಣ್ಣಿಗೆ ಹಾಕಿ ನೋಡುವ ಹಾಗಿಲ್ಲವಲ್ಲ, ಮತ್ತೆ ಯಾರ ಕಣ್ಣಿಗೆ ಹಾಕುವುದು? 1944ರಲ್ಲಿ ಜಾನ್ ಡ್ರೇಜ್ ಎಂಬ ಸರ್ಕಾರಿ ವಿಜ್ಞಾನಿ ಮೊಲವನ್ನು ಆರಿಸಿದ. ದೊಡ್ಡ ಕಣ್ಣು, ಸಾಧು ಮೈ, ಕಡಿಮೆ ಬೆಲೆ. ಒಂದು ಕಣ್ಣಿಗೆ ಕಾಲು ಚಮಚಕ್ಕಿಂತಲೂ ಕಡಿಮೆ ಮದ್ದು ಹಾಕುವುದು, ಇನ್ನೊಂದನ್ನು ಹೋಲಿಕೆಗೆಂದು ಹಾಗೇ ಬಿಡುವುದು. ಕೆಂಪಾಯಿತೆ, ಊದಿತೆ, ಹುಣ್ಣಾಯಿತೆ, ಮಂಜಾಯಿತೆ ಎಂದು ದಿನದಿನವೂ ಅಂಕ ಕೊಡುವುದು. ಅಂಕಗಳ ಪಟ್ಟಿ 21 ದಿನದವರೆಗೂ ನಡೆಯಬಹುದು. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಅಷ್ಟು ದಿನ ನಡೆಯುವುದಿಲ್ಲ, ಅಲ್ಲಿ ಫೇಲಾದವರಿಗೆ ಮತ್ತೊಂದು ಪರೀಕ್ಷೆಯಾದರೂ ಇರುತ್ತದೆ.

1980ರಲ್ಲಿ ಹೆನ್ರಿ ಸ್ಪೈರಾ ಎಂಬ ನ್ಯೂಯಾರ್ಕಿನ ಮೇಷ್ಟ್ರು ಪತ್ರಿಕೆಯಲ್ಲಿ ಪುಟದ ತುಂಬ ಜಾಹೀರಾತು ಕೊಟ್ಟು, ಚೆಲುವಿಗಾಗಿ ಎಷ್ಟು ಮೊಲಗಳ ಕಣ್ಣು ತೆಗೆಯುತ್ತೀರಿ ಎಂದು ರೆವ್ಲಾನ್ ಕಂಪನಿಯನ್ನು ನೇರವಾಗಿ ಕೇಳಿದ. ವರ್ಷ ಮುಗಿಯುವುದರೊಳಗೆ ಬದಲಿ ದಾರಿ ಹುಡುಕುವ ಸಂಶೋಧನೆಗೆ ಆ ಕಂಪನಿ ಏಳೂವರೆ ಲಕ್ಷ ಡಾಲರ್ ತೆಗೆದಿಟ್ಟಿತು. ಕಂಪನಿಗಳಿಗೆ ಕರುಣೆ ಬರುವ ಬಾಗಿಲು ಜಾಹೀರಾತು ವಿಭಾಗದಲ್ಲಿದೆ ಎಂಬುದು ಆಗ ಗೊತ್ತಾಯಿತು.

ನಮ್ಮ ಸರ್ಕಾರವೂ ತಡವಾಗಿಯಾದರೂ ಒಳ್ಳೆಯ ಕೆಲಸವನ್ನೇ ಮಾಡಿತು. 2014ರ ಮೇ ತಿಂಗಳಲ್ಲಿ, ಸೌಂದರ್ಯದ ಸಾಮಾನಿನ ಪರೀಕ್ಷೆಗೆ ಪ್ರಾಣಿ ಬಳಸಕೂಡದು ಎಂಬ ನಿಯಮ ಬಂತು. ಅದೇ ನವೆಂಬರಿನಿಂದ, ಹಾಗೆ ಪರೀಕ್ಷಿಸಿದ್ದನ್ನು ಹೊರಗಿಂದ ತರಿಸಲೂ ಕೂಡದು. ಐರೋಪ್ಯ ಒಕ್ಕೂಟ 2013ರಲ್ಲೇ ಮಾರಾಟದ ಬಾಗಿಲು ಮುಚ್ಚಿತ್ತು. ಮಾರಿಕಣಿವೆ ಎರಡನೇ ಸಲ ಕೋಡಿ ಬೀಳಲು ನಾವು 2022ರವರೆಗೆ ಕಾದೆವು. ನಮ್ಮ ದೇಶದ ಮೊಲ ಅದಕ್ಕಿಂತ ತುಸು ಕಡಿಮೆ ಕಾಯಿತು.

ಇಷ್ಟು ಹೇಳಿದ ಮೇಲೆ ಗೆದ್ದೆ ಅಂದುಕೊಂಡೆ. ದೊಡ್ಡಮ್ಮ ಎಲೆಗೆ ಸುಣ್ಣ ಸವರುತ್ತ ಕೇಳಿದಳು: "ಮಾಡ್ಬಾರ್ದು ಅಂತ ಕಾನೂನೇ ಐತಲ್ಲ. ಮತ್ತೆ ಮಾಡಿಲ್ಲ ಅಂತ ಇವ್ರು ಹೇಳ್ಕಳಾದೇನು ಹೆಚ್ಗಾರಿಕೆ? ನಾನು ಇವತ್ತು ಯಾರ ಮನೇಗೂ ಕನ್ನ ಹಾಕಿಲ್ಲ ಅಂತ ಬೋರ್ಡ್ ಹಾಕ್ಕಂಡು ತಿರಗ್ಲಾ?"

ನನ್ನ ಬಳಿ ಉತ್ತರವಿರಲಿಲ್ಲ. ಕಂಪನಿಯ ಬಳಿ ಇರಬಹುದೆಂದು ಮೊಮ್ಮಗಳ ಫೋನಿನಲ್ಲಿ ಅವರ ಪಾಲಿಸಿ ತೆರೆದೆವು. ಅದು ಸಾಲದೆಂದು ಬೇರೆ ಕಂಪನಿಗಳದ್ದೂ ಹತ್ತಾರು ಓದಿದೆವು. ಎಲ್ಲ ಒಂದೇ ಅಚ್ಚಿನ ಬೆಲ್ಲ. ಹಳೇ ಶಾನುಭೋಗರ ಕೈಯಲ್ಲಿ ಕ್ರಯಪತ್ರ ಬರೆಸಿದವರಿಗೆ ಈ ಗದ್ಯದ ರುಚಿ ಗೊತ್ತು. ಚಕ್ಕುಬಂದಿ ನಾಲ್ಕೂ ಕಡೆ ಸರಿಯಾಗಿರುತ್ತದೆ, ಬಾವಿ ಮಾತ್ರ ಪಕ್ಕದವನ ಪಾಲಿಗೆ ಹೋಗಿರುತ್ತದೆ.

ಸಾಮಾನ್ಯವಾಗಿ ಮೊದಲ ಸಾಲು ಹೀಗಿರುತ್ತದೆ: ನಮ್ಮ ಸಿದ್ಧ ಉತ್ಪನ್ನಗಳನ್ನು ನಾವು ಪ್ರಾಣಿಗಳ ಮೇಲೆ ಪರೀಕ್ಷಿಸುವುದಿಲ್ಲ. ಇಲ್ಲಿ 'ಸಿದ್ಧ' ಎನ್ನುವುದೇ ಸಿದ್ಧಪುರುಷ. ಮುದ್ದೆಯನ್ನು ಯಾರಿಗೂ ತಿನ್ನಿಸಿ ನೋಡಿಲ್ಲ ಅಂದರೆ ಅದು ನಿಜವೇ. ಹಿಟ್ಟನ್ನು ತಿನ್ನಿಸಿದ್ದರೆ? ಅದು ಗಿರಣಿಯವನ ವಿಚಾರ. ಕ್ರೀಮಿನೊಳಗಿನ ಮೂವತ್ತು ನಲವತ್ತು ಪದಾರ್ಥಗಳಲ್ಲಿ ಒಂದೊಂದೂ ಒಂದೊಂದು ದೇಶದ ಒಂದೊಂದು ಕಾರ್ಖಾನೆಯಿಂದ ಬಂದಿರುತ್ತದೆ. ಅವರು ಏನು ಮಾಡಿದರೋ ಏನೋ, ನಮ್ಮ ಕಂಪನಿ ಒಲೆ ಮುಂದೆ ಕೂತು ಮುದ್ದೆ ತಿರುವಿದ್ದು ಮಾತ್ರ.

'ನಾವು' ಎನ್ನುವುದೂ ಕಡಿಮೆಯ ಪದವಲ್ಲ. ನಾವು ಮಾಡುವುದಿಲ್ಲ. ಕೂಲಿ ಕೊಟ್ಟು ಮಾಡಿಸುತ್ತೀರಾ ಎಂದು ಕೇಳುವವರೆಗೆ ಈ ಪದ ಕಾಯುತ್ತಿರುತ್ತದೆ. ಕೇಳಿದರೆ, ನಮ್ಮ ಪರವಾಗಿ ಯಾರಿಂದಲೂ ಮಾಡಿಸುವುದಿಲ್ಲ ಎಂಬ ಇನ್ನೊಂದು ಸಾಲು ಸೇರುತ್ತದೆ. ಪ್ರಾಮಾಣಿಕ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪದಾರ್ಥ ಒದಗಿಸುವವರಿಂದಲೂ ಮುಚ್ಚಳಿಕೆ ಬರೆಸಿಕೊಂಡಿದ್ದೇವೆ ಅನ್ನುತ್ತದೆ. ಇಲ್ಲಿಗೆ ಮೊಲಕ್ಕೆ ಮೂರು ಕಾಲು ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ನಮ್ಮ ಗಾದೆ ಹಟಮಾರಿಗಳನ್ನು ಕುರಿತದ್ದು ಎಂದೇ ಇಷ್ಟು ದಿನ ತಿಳಿದಿದ್ದೆ. ಅದನ್ನು ಕಟ್ಟಿದವನು ಯಾವುದೋ ಕ್ರೀಮು ಕಂಪನಿಯ ವಕೀಲನಿರಬೇಕು.

ನಾಲ್ಕನೇ ಕಾಲು ಪಾಲಿಸಿಯ ಕೊನೆಯಲ್ಲಿ, ಅಲ್ಪವಿರಾಮವೊಂದರ ಹಿಂದೆ ಮಡಚಿಕೊಂಡು ಕೂತಿರುತ್ತದೆ: "ಕಾನೂನು ಕೇಳಿದ ಸಂದರ್ಭ ಹೊರತು." ನಮ್ಮೂರಲ್ಲಿ ಮಾಲೆ ಹಾಕಿದವರೊಬ್ಬರಿದ್ದರು. ಬೀಡಿ ಸೇದುವುದಿಲ್ಲ, ಬೇರೆಯವರು ಹಚ್ಚಿಕೊಟ್ಟರೆ ಮಾತ್ರ ಇಲ್ಲವೆನ್ನಲಾಗದು ಅನ್ನುತ್ತಿದ್ದರು. ಹಚ್ಚಿಕೊಡಲು ಒಬ್ಬ ಹುಡುಗನನ್ನು ಜೊತೆಗೇ ಇಟ್ಟುಕೊಂಡಿದ್ದರು. ಕಂಪನಿಗಳಿಗೆ ಬಹುಕಾಲ ಆ ಹುಡುಗ ಚೀನಾ ಆಗಿತ್ತು. ಹೊರಗಿಂದ ಬರುವ ಸೌಂದರ್ಯದ ಸಾಮಾನನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಯೇ ಒಳಗೆ ಬಿಡುವುದು ಆಗ ಅಲ್ಲಿನ ಕಟ್ಟಳೆಯಾಗಿತ್ತು. ಅಲ್ಲಿ ಮಾರಲೇಬೇಕೆಂದು ಯಾರೂ ಯಾವ ಕಂಪನಿಯನ್ನೂ ಕಟ್ಟಿಹಾಕಿರಲಿಲ್ಲ. ಆದರೂ ಮಾರಿದರು, ದುಡ್ಡು ಎಣಿಸಿದರು, ಪರೀಕ್ಷೆ ಮಾಡಿದ್ದು ಸರ್ಕಾರ ಕಣ್ರೀ ಎಂದು ಕೈ ತೊಳೆದರು. ಆ ಕೈ ತೊಳೆದದ್ದೂ ಮೊಲದ ಚಿತ್ರವಿದ್ದ ಸಾಬೂನಿನಲ್ಲೇ ಇರಬೇಕು. 2021ರ ಮೇ 1ರಿಂದ ಚೀನಾ ಕಟ್ಟು ಸಡಿಲಿಸಿತು. ತಯಾರಿಕೆಯ ಗುಣಮಟ್ಟದ ಪ್ರಮಾಣಪತ್ರ ತಂದರೆ ಶಾಂಪೂ, ಲೋಷನ್ನಿನಂಥ ಸಾಧಾರಣ ಸಾಮಾನಿಗೆ ವಿನಾಯಿತಿ. ಬಿಸಿಲು ತಡೆಯುವ, ಕೂದಲಿಗೆ ಬಣ್ಣ ಹಾಕುವ 'ವಿಶೇಷ' ಸಾಮಾನಿಗೆ ಅದು ಅನ್ವಯಿಸಲಿಲ್ಲ.

ಚೀನಾವನ್ನು ಬೈದು ಯುರೋಪನ್ನು ಹೊಗಳುವ ಅಭ್ಯಾಸ ಇರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸೌಂದರ್ಯಕ್ಕಾಗಿ ಪ್ರಾಣಿ ಪರೀಕ್ಷೆ ಕೂಡದು ಎಂದ ಅದೇ ಒಕ್ಕೂಟದಲ್ಲಿ ರಾಸಾಯನಿಕಗಳಿಗೆ ಇನ್ನೊಂದು ಕಾನೂನಿದೆ, ಅದಕ್ಕೊಂದು ಬೇರೆ ಕಚೇರಿಯೂ ಇದೆ. ಆ ಕಚೇರಿ ಜರ್ಮನಿಯ ಸಿಮ್ರೈಸ್ ಕಂಪನಿಗೆ ಹೇಳಿತು: ಸನ್‌ಸ್ಕ್ರೀನಿಗೆ ನೀವು ಮಾಡುವ ಎರಡು ಪದಾರ್ಥಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿ ತನ್ನಿ. ಕಂಪನಿ ಅಂದಿತು: ಸ್ವಾಮಿ, ಇವನ್ನು ಮುಖಕ್ಕೆ ಹಚ್ಚುವುದಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಬಳಸುವುದಿಲ್ಲ, ಪರೀಕ್ಷೆ ಮಾಡಕೂಡದು ಅಂದವರು ನೀವೇ. ಕಚೇರಿ ಅಂದಿತು: ಹಚ್ಚಿಕೊಳ್ಳುವವರ ಸಲುವಾಗಿ ಕೂಡದು, ಕಾರ್ಖಾನೆಯಲ್ಲಿ ಅದನ್ನು ಮುಟ್ಟುವ ಕೆಲಸಗಾರರ ಸಲುವಾಗಿ ಬೇಕು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ 2023ರ ನವೆಂಬರಿನಲ್ಲಿ ಕಚೇರಿಯೇ ಗೆದ್ದಿತು. ಕಂಪನಿ ಬೇಡವೆಂದರೂ ಸರ್ಕಾರ ಪರೀಕ್ಷೆ ಕೇಳಿದ ಪ್ರಕರಣ ಇದು, ಹಾಗಾಗಿ ನಾನು ಕಂಪನಿಗಳ ಮೇಲೆ ಕಟ್ಟಿದ ಹಾಸ್ಯಕ್ಕೆ ಇಲ್ಲಿ ಕೊಂಚ ಅಡ್ಡಿಯಾಗುತ್ತದೆ. ಕೆಲಸಗಾರನ ಮೈಯೂ ಮೈಯೇ ಎಂಬ ಮಾತನ್ನು ತಳ್ಳಿಹಾಕುವುದೂ ಸುಲಭವಲ್ಲ. ನನ್ನ ದೂರು ಇಷ್ಟೇ: ಡಬ್ಬಿಯ ಮೇಲಿನ ಮೊಲಕ್ಕೆ ಇದಾವುದೂ ಗೊತ್ತಿಲ್ಲ, ಅದು ನೆಗೆಯುತ್ತಲೇ ಇದೆ.

ನೆಗೆಯುವ ಮೊಲಗಳಲ್ಲೂ ಜಾತಿಗಳಿವೆ. 1996ರಲ್ಲಿ ಹುಟ್ಟಿದ ಲೀಪಿಂಗ್ ಬನ್ನಿ ಎಂಬ ಗುರುತಿಗೆ ಕಂಪನಿ ಒಂದು ದಿನಾಂಕ ನಿಗದಿ ಮಾಡಬೇಕು. ಆ ದಿನದಿಂದಾಚೆಗೆ ತಾನಾಗಲಿ, ಪದಾರ್ಥ ಒದಗಿಸುವವರಾಗಲಿ ಪರೀಕ್ಷೆ ಮಾಡಿಲ್ಲವೆಂದು ತೋರಿಸಬೇಕು. ಹೊರಗಿನವರು ಬಂದು ಲೆಕ್ಕ ನೋಡುತ್ತಾರೆ. ಆ ದಿನಕ್ಕಿಂತ ಹಿಂದಿನದ್ದೆಲ್ಲ ಮಾಫಿ. ಇದು ನಮ್ಮ ಹಿರಿಯೂರು ತಾಲ್ಲೂಕಿನವರಿಗೆ ಚೆನ್ನಾಗಿ ಅರ್ಥವಾಗುವ ಶಾಸ್ತ್ರ. ಬಗರ್ ಹುಕುಂ ಸಾಗುವಳಿ ಸಕ್ರಮ ಮಾಡುವುದೂ ಹೀಗೇ ಅಲ್ಲವೆ, ಇಂಥ ದಿನಕ್ಕಿಂತ ಮುಂಚೆ ಉತ್ತಿದ್ದರೆ ನಿನ್ನದು, ಆಮೇಲೆ ಉತ್ತಿದ್ದರೆ ಒತ್ತುವರಿ. ಅಷ್ಟೆಲ್ಲ ಲೆಕ್ಕ ತೋರಿಸದೆ, ಕಂಪನಿ ಬರೆದುಕೊಟ್ಟ ಭರವಸೆಯ ಮೇಲೆ ಸಿಗುವ ಮೊಲವೂ ಉಂಟು. ಇನ್ನು ಮೂರನೇ ಜಾತಿಯ ಮೊಲವನ್ನು ಕಂಪನಿಯ ಚಿತ್ರಗಾರನೇ ಮಧ್ಯಾಹ್ನದ ಊಟವಾದ ಮೇಲೆ ಬರೆದಿರುತ್ತಾನೆ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅಮೆರಿಕದಲ್ಲಿ 'ಕ್ರೂರತೆ ಇಲ್ಲದ್ದು' ಎನ್ನುವ ಮಾತಿಗೆ ಕಾನೂನಿನಲ್ಲಿ ಅರ್ಥವೇ ಇಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಈ ವಿಷಯದಲ್ಲಿ ನನಗೆ ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ಗುರುತು ಹೆಚ್ಚು ಹಿಡಿಸುತ್ತದೆ. ಅದರ ಮೇಲಿರುವುದು ಸಿಂಹದ ಮೈ, ಆನೆಯ ಮುಖದ ಶರಭ. ಲೋಕದಲ್ಲೇ ಇಲ್ಲದ ಪ್ರಾಣಿ. ಅದರ ಕಣ್ಣಿಗೆ ಯಾರು ಏನು ಹಾಕಲು ಸಾಧ್ಯ?

ಪರೀಕ್ಷೆಯೇ ತಪ್ಪು ಎಂದು ಬಬ್ಬೂರಿನವನಾಗಿ ನಾನು ಹೇಳಲಾರೆ. ನಮ್ಮೂರ ಹೆಸರನ್ನು ಹೊರಗಿನವರು ಕೇಳಿರುವುದೇ ಬಬ್ಬೂರು ಫಾರ್ಮಿನಿಂದ. ಕೃಷಿ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕೆ ಕಾಲೇಜು ಎಲ್ಲ ಅಲ್ಲಿವೆ. ಅಲ್ಲಿ ಪ್ರಾಯೋಗಿಕ ತಾಕಿನ ಬದುವಿನ ಮೇಲೆ ನಡೆದರೆ ತಾಕಿಗೊಂದು ಫಲಕ: ಯಾವ ತಳಿ, ಯಾವತ್ತು ಬಿತ್ತಿದ್ದು, ಏನು ಹಾಕಿದ್ದು, ಪಕ್ಕದ ತಾಕಿಗೆ ಏನು ಹಾಕದೆ ಬಿಟ್ಟದ್ದು. ಒಣಗಿ ಹೋದ ತಾಕಿಗೂ ಫಲಕ ಇರುತ್ತದೆ. ಕ್ರೀಮಿನ ಡಬ್ಬಿಯಲ್ಲಿ ನಾನು ಹುಡುಕಿದ್ದು ಅಂಥ ಒಂದು ಫಲಕ. ಮೊಲದ ಮೇಲೆ ಮಾಡಲಿಲ್ಲ, ಸರಿ, ಮತ್ತೆ ಯಾವುದರ ಮೇಲೆ ಮಾಡಿದಿರಿ? ಉತ್ತರ ನಾಚಿಕೆಪಡುವಂಥದ್ದೇನಲ್ಲ. ಮನುಷ್ಯರ ಚರ್ಮದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ, ಕಾಗದದಂಥ ಪದರ ಮಾಡಿ, ಅದಕ್ಕೆ ಹಚ್ಚಿ ನೋಡುತ್ತಾರೆ. ಕಣ್ಣಿನ ಪರೀಕ್ಷೆಗೆ ಕಸಾಯಿಖಾನೆಯಲ್ಲಿ ಕಡಿದ ದನದ ಕಣ್ಣಿನ ಪಾರದರ್ಶಕ ಪಟಲವನ್ನು ತರಿಸಿಕೊಳ್ಳುವ ವಿಧಾನವೂ ಇದೆ. ಇದನ್ನು ದೊಡ್ಡಮ್ಮನಿಗೆ ಹೇಳಲಿಲ್ಲ. ಶ್ರಾವಣ.

ಇನ್ನು, 2014ರ ನಿಯಮದಿಂದ ಪ್ರಯೋಗಾಲಯಗಳ ಪಂಜರವೆಲ್ಲ ಖಾಲಿಯಾಯಿತು ಎಂದುಕೊಂಡವರು ಬೆಂಗಳೂರಿನ ಬೀಗಲ್ ನಾಯಿಗಳನ್ನು ಮರೆತಿರಬೇಕು. 2016ರಲ್ಲಿ ಅಲ್ಲಿನ ಪ್ರಯೋಗಾಲಯವೊಂದು ಬಿಟ್ಟುಕೊಟ್ಟ ನೂರಕ್ಕೂ ಹೆಚ್ಚು ನಾಯಿಗಳಿಗೆ ಪ್ರಾಣಿದಯಾ ಸಂಸ್ಥೆ ಕ್ಯೂಪಾದವರು ಮನೆ ಹುಡುಕಿದರು. ಅವು ಔಷಧದ ಪರೀಕ್ಷೆಗೆ ದುಡಿದವು. ನಿಯಮ ಹೇಳುವುದು ಸೌಂದರ್ಯದ ಸಾಮಾನಿನ ಮಾತು ಮಾತ್ರ. ತುಟಿಗೆ ಹಚ್ಚುವುದಕ್ಕೆ ಮೊಲ ಕೂಡದು, ನುಂಗುವುದಕ್ಕೆ ನಾಯಿ ಆದೀತು.

ಈ ಹೊತ್ತಿಗೆ ಪಕ್ಕದ ಮನೆಯ ಹುಡುಗಿ ಬಂದಳು. ಕೆನ್ನೆ ಕೆಂಪಗೆ, ತೆಳ್ಳಗೆ, ಈರುಳ್ಳಿ ಸಿಪ್ಪೆ ಸುಲಿದ ಹಾಗೆ. ಹೆಣ್ಣು ನೋಡಲು ಬರುವವರಿದ್ದಾರೆಂದು ಪೇಟೆಯಿಂದ ತಂದ 'ಬೆಳ್ಳಗಾಗುವ' ಟ್ಯೂಬನ್ನು ಎರಡು ತಿಂಗಳಿಂದ ಹಚ್ಚುತ್ತಿದ್ದಳಂತೆ. ಬಿಟ್ಟರೆ ಉರಿ, ಹಚ್ಚಿದರೆ ತಂಪು. ಟ್ಯೂಬು ತರಿಸಿ ನೋಡಿದೆ. ಸ್ಟೀರಾಯ್ಡ್. ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲವೆಂದು 2018ರಲ್ಲೇ ಸರ್ಕಾರ ಹೇಳಿದೆ. ಚೀಟಿ ಎಲ್ಲಿ ಎಂದೆ. ಅಂಗಡಿಯವನು ಬಿಲ್ಲು ಕೊಟ್ಟಿಲ್ಲ ಅಂದಳು. ಆ ಟ್ಯೂಬಿನ ಮೇಲೆ ಮೊಲ ಇರಲಿಲ್ಲ, ಪಾಲಿಸಿ ಇರಲಿಲ್ಲ, ಅಲ್ಪವಿರಾಮದ ಹಿಂದೆ ಅಡಗಿದ ಕಾಲೂ ಇರಲಿಲ್ಲ. ನಗುವ ಹೆಣ್ಣಿನ ಮುಖ ಒಂದಿತ್ತು. ಅದನ್ನು ದೊಡ್ಡಮ್ಮನ ಯಾವ ವ್ಯಾಕರಣದಲ್ಲಿ ಓದಬೇಕು, ತುಪ್ಪದ ಹಸುವಿನದ್ದೋ, ಪಾಷಾಣದ ಇಲಿಯದ್ದೋ ಎಂದು ನಾನು ಯೋಚಿಸುತ್ತಿದ್ದಾಗ ದೊಡ್ಡಮ್ಮ ಆ ಟ್ಯೂಬನ್ನು ಕಸಿದು ತಿಪ್ಪೆಗೆ ಎಸೆದು, ನಾಳೆ ಚಿತ್ರದುರ್ಗಕ್ಕೆ ಚರ್ಮದ ಡಾಕ್ಟ್ರ ಹತ್ರ ಹೋಗು ಅಂದಳು. ಬಸ್ ಚಾರ್ಜೂ ಕೊಟ್ಟಳು.

ನಮ್ಮ ಭಾವನ ಕಥೆಯೂ ಇಂಥದ್ದೇ. ಮದುವೆಗೆ ಹೋಗುವ ದಿನ ಬೆಳಿಗ್ಗೆ ಎದ್ದು ಮೀಸೆಗೆ ಬಣ್ಣ ಹಾಕುವವನು. ಮೊದಲು ಚರ್ಮದ ಮೇಲೆ ಸ್ವಲ್ಪ ಹಚ್ಚಿ ಪರೀಕ್ಷಿಸಿ, ರೆಪ್ಪೆ ಹುಬ್ಬುಗಳಿಗೆ ಹಚ್ಚಬೇಡಿ, ಕಣ್ಣು ಹೋದೀತು ಎಂಬ ಎಚ್ಚರಿಕೆ ಪ್ಯಾಕೆಟ್ಟಿನ ಮೇಲೆ ಇರಲೇಬೇಕು. 1933ರ ಆ ಹೆಂಗಸರ ಕಣ್ಣಿನ ಬೆಲೆ ಅದು, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಭಾವ ಅದನ್ನು ಕತ್ತರಿಸಿ ಒಳಗಿನ ಪುಡಿ ಕಲಸುತ್ತಾನೆ. ಊದಿದ ಮೇಲ್ದುಟಿಯಲ್ಲಿ ಅಕ್ಷತೆ ಹಾಕಿ ಬರುತ್ತಾನೆ.

ಮತ್ತೆ ಡಬ್ಬಿಗೆ ಬರೋಣ. ಹೊತ್ತು ಇಳಿಯುತ್ತಿತ್ತು, ತೀರ್ಮಾನವಾಗಿರಲಿಲ್ಲ. ದೊಡ್ಡಮ್ಮ ಹೊಸದುರ್ಗದ ಕಡೆಯ ಮಾತೆತ್ತಿದಳು. ಅಲ್ಲಿ ಸಂಕ್ರಾಂತಿಗೆ ಕಾಡಿಂದ ಮೊಲ ಹಿಡಿದು ತಂದು, ಪೂಜೆ ಮಾಡಿ, ಮತ್ತೆ ಕಾಡಿಗೇ ಬಿಡುವ ವಾಡಿಕೆಯಿದೆ. "ಅವ್ರು ಬಿಟ್ಟಿದ್ದನ್ನ ಜನ ಕಣ್ಣಾರೆ ನೋಡ್ತಾರೆ. ನಿಮ್ ಕಂಪ್ನಿಯೋರು ಎಲ್ಲಿ ಬಿಟ್ರು, ಯಾರು ನೋಡಿದ್ರು?" ಲೆಕ್ಕಪರಿಶೋಧನೆ ಎಂಬ ಪದಕ್ಕೆ ಇದಕ್ಕಿಂತ ಚೆನ್ನಾದ ವಿವರಣೆ ನಾನು ಓದಿದ ಪಾಲಿಸಿಗಳಲ್ಲಿ ಇರಲಿಲ್ಲ.

ಕೊನೆಗೆ, ಒಳಗೇನಿದೆ ಅಂತಾದರೂ ಓದು ಅಂದಳು. ಫೋನಿನ ಕ್ಯಾಮೆರಾ ಹಿಡಿದು ಅಕ್ಷರ ದೊಡ್ಡದು ಮಾಡಿ ಒಂದೊಂದೇ ಓದಿದೆ. ನೀರು. ಗ್ಲಿಸರಿನ್. ಯಾವುದೋ ಮೇಣ. ಐದನೆಯದೋ ಆರನೆಯದೋ ಲ್ಯಾನೋಲಿನ್.

"ಅದೇನು?"

"ಕುರಿ ತುಪ್ಪಟದ ಜಿಡ್ಡು, ದೊಡ್ಡಮ್ಮಾ."

ಮೊಮ್ಮಗಳು ತಲೆ ತಗ್ಗಿಸಿದಳು. ಮೊಲದ ಗುರುತು ಪರೀಕ್ಷೆಗೆ ಸಂಬಂಧಿಸಿದ್ದು, ಒಳಗಿನ ಸರಕಿಗಲ್ಲ ಎಂದು ನಾನು ಸಮಜಾಯಿಷಿಗೆ ಹೊರಟೆ. ಸೋಪು, ಶಾಂಪೂ, ಕ್ರೀಮಿಗೂ ತಿಂಡಿ ಪೊಟ್ಟಣದಂತೆ ಹಸಿರು ಚುಕ್ಕೆ, ಕಂದು ಚುಕ್ಕೆ ಹಾಕಿ ಎಂದು 2014ರಲ್ಲೇ ಸರ್ಕಾರ ಹೊರಡಿಸಿದ ಆದೇಶವನ್ನೂ, ಅದರ ವಿರುದ್ಧ ತಯಾರಕರು ಕೋರ್ಟಿಗೆ ಹೋದದ್ದನ್ನೂ ಹೇಳತೊಡಗಿದೆ. ದೊಡ್ಡಮ್ಮ ಕೇಳುತ್ತಿರಲಿಲ್ಲ. ಮುಖ ಅರಳಿತ್ತು. ಮದುವೆಯಾಗಿ ಬಂದಾಗಿನಿಂದ ಕುರಿ ಕಂಡ ಮನೆ ಅದು. ತುಪ್ಪಟ ಕತ್ತರಿಸಿದ ದಿನದ ಕೈ ಜಿಡ್ಡು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ಕುರೀದು ಅಂತ ಮೊದ್ಲೇ ಹೇಳ್ಬಾರ್ದಾ? ಕಂಬ್ಳಿಗೆಲ್ಲಿ ಮೈಲಿಗೆ? ಇರೋದು ಕುರಿ, ಬರ್ದಿರೋದು ಮೊಲ. ಬೆಂಗ್ಳೂರೋರಿಗೆ ಕುರಿ ಯಾವ್ದು ಮೊಲ ಯಾವ್ದು ಅಂತಾನೂ ಗೊತ್ತಾಗಲ್ವಾ?"

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಶನಿವಾರ ಮನೆಯಲ್ಲಿ ಮೊಲ ಬೇಡವೆಂದು, ಉಗುರಿನಿಂದ ಚಿತ್ರ ಕೆರೆಯತೊಡಗಿದಳು. ಅಂಟು ಗಟ್ಟಿಯಿತ್ತು. ಕಿವಿ ಹೋಯಿತು, ಬಾಲ ಹೋಯಿತು, ಮೂರು ಕಾಲೂ ಹೋದವು. ಇನ್ನೊಂದು ಏನು ಮಾಡಿದರೂ ಬರಲಿಲ್ಲ. ಇರಲಿ ಬಿಡು ಎಂದು ಮುಚ್ಚಳ ತಿರುಗಿಸಿ ಹಿಮ್ಮಡಿಗೆ ಹಚ್ಚಿಕೊಂಡಳು.